ಚಿಗರಿ ಎಷ್ಟು? ಎಣಿಸಿದವರಾರು?

ಹಾವೇರಿ ಜಿಲ್ಲೆಯ ನೈರುತ್ಯದ ಅಂಚಿನಲ್ಲಿ ಅಣ್ಣ-ತಮ್ಮಂದಿರಂತೆ ಹೆಸರು ಹಂಚಿಕೊಂಡ ಎರಡು ಊರುಗಳಿವೆ. ಒಂದು ಹಿರೇಕೆರೂರು, ಇನ್ನೊಂದು ಚಿಕ್ಕೇರೂರು. ಹೆಸರು ಕೇಳಿದೊಡನೆಯೇ ಇದು ಕೆರೆಗಳ ಸೀಮೆ ಎಂದು ಯಾರಿಗಾದರೂ ತಿಳಿಯುತ್ತದೆ. ಮಲೆನಾಡಿನ ಸೆರಗು ಇಲ್ಲಿಗೆ ಬಂದು ಮುಗಿಯುತ್ತದೆ. ಬಯಲುನಾಡು ಇಲ್ಲಿಂದ ಮೆಲ್ಲಗೆ ಆರಂಭವಾಗುತ್ತದೆ. ಪಡುವಣಕ್ಕೆ ಮುಖ ಮಾಡಿದರೆ ಹಾನಗಲ್ಲಿನ ಭತ್ತದ ಗದ್ದೆಗಳು, ಸೊರಬದ ಕಾಡುಗಳು. ಮೂಡಣಕ್ಕೆ ತಿರುಗಿದರೆ ಗೋವಿನಜೋಳ, ಹತ್ತಿ, ಮೆಣಸಿನಕಾಯಿಯ ಹೊಲಗಳು. ಸರ್ವಜ್ಞನ ಹೆಸರಿನೊಂದಿಗೆ ಬೆಸೆದುಕೊಂಡ ಅಬಲೂರು, ಮಾಸೂರು ಕೂಡ ಈ ಸೀಮೆಯವೇ.

ಚಿಕ್ಕೇರೂರಿನಿಂದ ಬೆಳಗಿನ ಬಸ್ಸು ಹತ್ತಿ ಹಿರೇಕೆರೂರು, ರಟ್ಟೀಹಳ್ಳಿಗಳನ್ನು ದಾಟಿ ರಾಣೆಬೆನ್ನೂರಿನತ್ತ ಹೊರಟರೆ ಕಿಟಕಿಯಾಚೆಗಿನ ಭೂಮಿ ಗಳಿಗೆಗೊಂದು ಬಣ್ಣ ತಾಳುತ್ತದೆ. ಹಸಿರು ತೆಳುವಾಗುತ್ತದೆ, ಆಕಾಶ ಅಗಲವಾಗುತ್ತದೆ. ಕುಮುದ್ವತಿ ನದಿಯ ಬಯಲು ಹಿಂದಾಗುತ್ತದೆ. ರಟ್ಟೀಹಳ್ಳಿಯಲ್ಲಿ ಚಾಲುಕ್ಯರ ಕಾಲದ ಕದಂಬೇಶ್ವರ ಗುಡಿ ಇದೆ. ಇಳಿದು ನೋಡುವಷ್ಟು ಬಿಡುವಿದ್ದರೆ ಮಕ್ಕಳಿಗೆ ತೋರಿಸಬೇಕಾದ ಗುಡಿ. ಅಲ್ಲಿಂದ ಮುಂದಕ್ಕೆ ಎರೆಮಣ್ಣು, ಮಸಾರಿ ಮಣ್ಣು ಒಂದರ ಪಕ್ಕ ಒಂದು ಹಾಸಿಕೊಂಡ ಬಯಲು. ಈ ಬಯಲಿನ ಅರಸ ಕೃಷ್ಣಮೃಗ. ಪುಸ್ತಕದಲ್ಲಿ ಕೃಷ್ಣಮೃಗವಾದ ಈ ಪ್ರಾಣಿ ಇಲ್ಲಿಯ ರೈತರ ಬಾಯಲ್ಲಿ ‘ಚಿಗರಿ’.

ರಜೆಯಲ್ಲಿ ರಾಣೆಬೆನ್ನೂರು ಕಡೆಯ ಬೀಗರೂರಿಗೆ ಹೊರಟ ಮಕ್ಕಳು ಬಸ್ಸಿನ ಕಿಟಕಿಯಿಂದ ಮೊದಲ ಚಿಗರಿಯ ಹಿಂಡನ್ನು ಕಂಡಾಗ ಕೇಳುವ ಪ್ರಶ್ನೆ ಒಂದೇ: “ಅಪ್ಪಾ, ಚಿಗರಿ ಒಟ್ಟ ಎಷ್ಟ ಅದಾವು?” ಅಪ್ಪ ಕೊಡುವ ಉತ್ತರವೂ ಒಂದೇ: “ಸಾವಿರಗಟ್ಟಲೆ ಅದಾವ, ಯಾರ ಎಣಿಸ್ಯಾರ?”

ಪ್ರಶ್ನೆ ಚಿಕ್ಕದು. ಆದರೆ ಆ ಉತ್ತರದ ಮೇಲೆ ರೈತನ ಬೆಳೆ, ಸರ್ಕಾರದ ಹಣ, ಒಂದು ಪ್ರಾಣಿಸಂಕುಲದ ಅಳಿವು-ಉಳಿವು ಎಲ್ಲವೂ ನಿಂತಿವೆ. ಹೊಲಕ್ಕೆ ನುಗ್ಗಿದ ಹಿಂಡನ್ನು ಕಂಡ ರೈತನಿಗೆ ಚಿಗರಿ ಲೆಕ್ಕವಿಲ್ಲದಷ್ಟು ಎನಿಸುತ್ತದೆ. ದೂರದೂರಿನಿಂದ ದುರ್ಬೀನು ಹಿಡಿದು ಬಂದು, ದಿನವಿಡೀ ಅಲೆದು ನಾಲ್ಕೇ ನಾಲ್ಕು ಕಂಡ ಪ್ರವಾಸಿಗನಿಗೆ ಅದು ಅಳಿದೇಹೋಯಿತು ಎನಿಸುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇಬ್ಬರೂ ತಾವು ಕಂಡದ್ದನ್ನೇ ಹೇಳುತ್ತಿದ್ದಾರೆ. ಹಾಗಾದರೆ ನಿಜವಾದ ಸಂಖ್ಯೆ ತಿಳಿಯುವುದು ಹೇಗೆ?

ಬಯಲಿನ ಓಟಗಾರ

ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಘೋಷಣೆಯಾಯಿತು. ವಿಸ್ತೀರ್ಣ 119 ಚದರ ಕಿಲೋಮೀಟರ್. ಅಭಯಾರಣ್ಯ ಎಂದೊಡನೆ ಬಂಡೀಪುರದಂತಹ ದಟ್ಟ ಕಾಡನ್ನು ಕಲ್ಪಿಸಿಕೊಂಡು ಬಂದವರಿಗೆ ಇಲ್ಲಿ ನಿರಾಶೆ ಕಾದಿರುತ್ತದೆ. ಮೊಣಕಾಲೆತ್ತರದ ಹುಲ್ಲು, ಕುರುಚಲು, ಮುಳ್ಳುಕಂಟಿ, ನಡುನಡುವೆ ಅರಣ್ಯ ಇಲಾಖೆ ಹಿಂದೆ ನೆಟ್ಟ ನೀಲಗಿರಿ ತೋಪುಗಳು, ಅಂಚಿನಲ್ಲೇ ಹಳ್ಳಿಗಳು, ಹೊಲಗಳು. ಆದರೆ ಚಿಗರಿಗೆ ಬೇಕಾದದ್ದು ದಟ್ಟ ಕಾಡಲ್ಲ. ಅದು ಕಣ್ಣು ಮತ್ತು ಕಾಲುಗಳನ್ನು ನಂಬಿ ಬದುಕುವ ಪ್ರಾಣಿ. ದೂರದಿಂದಲೇ ಅಪಾಯವನ್ನು ಕಾಣಬೇಕು, ಕಂಡೊಡನೆ ಓಡಬೇಕು. ಗಂಟೆಗೆ ಎಂಬತ್ತು ಕಿಲೋಮೀಟರ್‌ವರೆಗೂ ಓಡಬಲ್ಲದು. ಇದಕ್ಕೆ ಬಯಲೇ ಬೇಕು.

ಗಂಡಿಗೆ ತಿರುಪು ಹಾಕಿದಂತಹ ಉದ್ದನೆಯ ಕೋಡು. ವಯಸ್ಸಾದಂತೆ ಅದರ ಬೆನ್ನು ಕಪ್ಪಾಗುತ್ತದೆ. ಹೊಟ್ಟೆ ಮಾತ್ರ ಹಾಲು ಬಿಳಿ. ಹೆಣ್ಣಿಗೂ ಮರಿಗಳಿಗೂ ಒಣಹುಲ್ಲಿನ ಬಣ್ಣ. ಹೀಗಾಗಿ ಬಿಸಿಲಿನಲ್ಲಿ ಒಂದು ಕರಿಯ ಗಂಡು ಅರ್ಧ ಮೈಲಿಯಿಂದಲೂ ಕಾಣಿಸುತ್ತದೆ. ಅದರ ಪಕ್ಕದಲ್ಲೇ ಮಲಗಿದ ಹತ್ತು ಹೆಣ್ಣುಗಳು ಕಾಣಿಸುವುದಿಲ್ಲ. ಎಣಿಸುವವನಿಗೆ ಎದುರಾಗುವ ಮೊದಲ ತೊಡಕು ಇದೇ. ಕಾಣುವುದು ಬೇರೆ, ಇರುವುದು ಬೇರೆ.

ಕುರಿ ಎಣಿಸಿದಂತಲ್ಲ

ಈ ಬಯಲಿನಲ್ಲಿ ಕುರಿ ಕಾಯುವವನು ಸಂಜೆ ಹಟ್ಟಿಗೆ ಬಂದಾಗ ಕುರಿಗಳನ್ನು ಒಂದೊಂದಾಗಿ ಒಳಗೆ ಬಿಟ್ಟುಕೊಳ್ಳುತ್ತಾನೆ. ಒಂದು ತಪ್ಪಿದರೂ ಅವನಿಗೆ ಗೊತ್ತಾಗುತ್ತದೆ. ಜನಗಣತಿಯವರು ಮನೆ ಮನೆಗೆ ಬಂದು, ಗೋಡೆಯ ಮೇಲೆ ನಂಬರ್ ಹಾಕಿ, ಒಳಗಿರುವವರ ಹೆಸರು ಬರೆದುಕೊಳ್ಳುತ್ತಾರೆ. ಕಾಡುಪ್ರಾಣಿಗೆ ಹಟ್ಟಿಯೂ ಇಲ್ಲ, ಮನೆಯ ನಂಬರೂ ಇಲ್ಲ. ಬೆಳಿಗ್ಗೆ ಅಭಯಾರಣ್ಯದೊಳಗೆ ಇದ್ದ ಹಿಂಡು ಸಂಜೆ ಪಕ್ಕದ ಹೊಲದಲ್ಲಿರುತ್ತದೆ.

ಆದರೂ ಬಯಲಿನಲ್ಲಿ ನೇರವಾಗಿ ಎಣಿಸುವ ಪದ್ಧತಿ ಒಂದುಂಟು. ಇಡೀ ಪ್ರದೇಶವನ್ನು ಚಿಕ್ಕ ಚಿಕ್ಕ ಭಾಗಗಳಾಗಿ ಹಂಚಿ, ಪ್ರತಿಯೊಂದಕ್ಕೂ ಒಂದು ತಂಡವನ್ನು ಕಳಿಸಿ, ಎಲ್ಲರೂ ಒಂದೇ ಹೊತ್ತಿನಲ್ಲಿ ಎಣಿಸುವುದು. ಒಂದೇ ಹೊತ್ತು ಏಕೆಂದರೆ, ಒಂದು ಭಾಗದಲ್ಲಿ ಎಣಿಸಿದ ಹಿಂಡು ಓಡಿ ಇನ್ನೊಂದು ಭಾಗಕ್ಕೆ ಹೋಗಿ ಎರಡನೇ ಸಲ ಲೆಕ್ಕಕ್ಕೆ ಸಿಗಬಾರದು. ಕೆರೆಯ ಹಕ್ಕಿಗಳನ್ನು ಎಣಿಸುವವರದೂ ಹೆಚ್ಚುಕಡಿಮೆ ಇದೇ ದಾರಿ. ಪ್ರತಿ ಜನವರಿಯಲ್ಲಿ ಏಷ್ಯಾದ ಹಲವು ದೇಶಗಳಲ್ಲಿ ನೀರುಹಕ್ಕಿಗಳ ಗಣತಿ ನಡೆಯುತ್ತದೆ. 1987ರಿಂದ ನಡೆದುಬಂದ ವಾಡಿಕೆ ಇದು. ಹಾರುವ ದೊಡ್ಡ ಗುಂಪನ್ನು ಒಂದೊಂದಾಗಿ ಎಣಿಸಲಾಗದು. ಅದಕ್ಕೆ ಮೊದಲು ಹತ್ತು ಹಕ್ಕಿಗಳು ಎಷ್ಟು ಜಾಗ ಹಿಡಿಯುತ್ತವೆ ಎಂದು ಕಣ್ಣಿಗೆ ಅಭ್ಯಾಸ ಮಾಡಿಸಿ, ಇಡೀ ಗುಂಪಿನಲ್ಲಿ ಅಂತಹ ಎಷ್ಟು ಹತ್ತುಗಳಿವೆ ಎಂದು ಎಣಿಸುತ್ತಾರೆ. ಚಿಕ್ಕೇರೂರಿನ ಸೀಮೆಯ ಯಾವ ಕೆರೆಯ ಏರಿಯ ಮೇಲೆ ನಿಂತೂ ಮಕ್ಕಳು ಇದನ್ನು ಮಾಡಿ ನೋಡಬಹುದು.

ಈ ಪದ್ಧತಿಯಲ್ಲಿ ತಪ್ಪು ಎರಡು ಕಡೆಯಿಂದ ನುಸುಳುತ್ತದೆ. ಒಂದೇ ಪ್ರಾಣಿಯನ್ನು ಎರಡು ಸಲ ಎಣಿಸಿದರೆ ಲೆಕ್ಕ ಹೆಚ್ಚಾಗುತ್ತದೆ. ಹುಲ್ಲಿನಲ್ಲಿ ಮಲಗಿದ್ದು ಕಾಣದೆ ಹೋದರೆ ಕಡಿಮೆಯಾಗುತ್ತದೆ. ಹೆಚ್ಚು-ಕಡಿಮೆ ಒಂದನ್ನೊಂದು ಸರಿದೂಗಿಸುತ್ತವೆ ಎಂದು ಸುಮ್ಮನಿರುವಂತಿಲ್ಲ. ಸಾಮಾನ್ಯವಾಗಿ ಕಾಣದೆ ಹೋದವೇ ಹೆಚ್ಚು.

ನೆಟ್ಟನೆಯ ಗೆರೆಯ ಮೇಲೆ ನಡಿಗೆ

ಕಾಣದೆ ಹೋದದ್ದನ್ನೂ ಲೆಕ್ಕಕ್ಕೆ ತರುವ ಜಾಣ ಉಪಾಯವೊಂದನ್ನು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಅರಣ್ಯ ಇಲಾಖೆಯವರ ಮಾತಿನಲ್ಲಿ ಅದು ‘ಟ್ರಾನ್ಸೆಕ್ಟ್ ಲೈನ್’. ಕರ್ನಾಟಕದಲ್ಲಿ ಇದನ್ನು ಶಿಸ್ತಿನಿಂದ ಬಳಸಿದವರಲ್ಲಿ ವನ್ಯಜೀವಿ ವಿಜ್ಞಾನಿ ಡಾ. ಕೆ. ಉಲ್ಲಾಸ ಕಾರಂತರು ಮೊದಲಿಗರು. 1980ರ ದಶಕದಲ್ಲಿ ಅವರು ನಾಗರಹೊಳೆಯ ಕಾಡಿನಲ್ಲಿ ಜಿಂಕೆ, ಕಡವೆ, ಕಾಟಿಗಳನ್ನು ಈ ರೀತಿ ಅಂದಾಜು ಮಾಡಿದರು.

ಕ್ರಮ ಸರಳವಾಗಿದೆ. ನಕ್ಷೆಯ ಮೇಲೆ ಕೆಲವು ನೇರ ಗೆರೆಗಳನ್ನು ಎಳೆಯುತ್ತಾರೆ. ಗೆರೆ ಎಲ್ಲಿ ಬಂದರೂ ಅಲ್ಲೇ ನಡೆಯಬೇಕು. ಪ್ರಾಣಿ ಹೆಚ್ಚು ಕಾಣುವ ಜಾಗವೆಂದು ಗೆರೆಯನ್ನು ಬಾಗಿಸುವಂತಿಲ್ಲ. ಬೆಳಗಿನ ಜಾವ ಇಬ್ಬರು ಸದ್ದಿಲ್ಲದೆ ಆ ಗೆರೆಯ ಮೇಲೆ ನಡೆಯುತ್ತಾರೆ. ಪ್ರಾಣಿ ಕಂಡಾಗ ಮೂರು ಸಂಗತಿ ಬರೆದುಕೊಳ್ಳುತ್ತಾರೆ: ಎಷ್ಟಿವೆ, ಎಷ್ಟು ದೂರದಲ್ಲಿವೆ, ಗೆರೆಯಿಂದ ಎಷ್ಟು ಡಿಗ್ರಿ ಕೋನದಲ್ಲಿವೆ.

ಹತ್ತನೇ ತರಗತಿಯ ತ್ರಿಕೋನಮಿತಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಚಿಗರಿ 100 ಮೀಟರ್ ದೂರದಲ್ಲಿ, 30 ಡಿಗ್ರಿ ಕೋನದಲ್ಲಿ ನಿಂತಿದ್ದರೆ, ಅದು ಗೆರೆಯಿಂದ ಲಂಬವಾಗಿ ಇರುವ ದೂರ 100ನ್ನು ಸೈನ್ 30ರಿಂದ ಗುಣಿಸಿದಷ್ಟು, ಅಂದರೆ 50 ಮೀಟರ್. “ಈ ಸೈನು, ಕೊಸೈನು ಕಲಿತು ಏನು ಪ್ರಯೋಜನ?” ಎಂದು ಗೊಣಗುವ ವಿದ್ಯಾರ್ಥಿಗೆ ಇಲ್ಲೊಂದು ಉತ್ತರವಿದೆ.

ಗೆರೆಯ ಮೇಲೆಯೇ ಇರುವ ಪ್ರಾಣಿ ಕಣ್ಣು ತಪ್ಪುವುದಿಲ್ಲ ಎಂದು ಇಟ್ಟುಕೊಳ್ಳಿ. ದೂರ ಹೋದಂತೆಲ್ಲ ಕಾಣುವ ಸಂಖ್ಯೆ ಕಡಿಮೆಯಾಗುತ್ತದೆ. ಹತ್ತಿರದಲ್ಲಿ ಎಷ್ಟು, ದೂರದಲ್ಲಿ ಎಷ್ಟು ಎಂಬುದನ್ನು ನೋಡಿ, ಕಣ್ಣು ಯಾವ ವೇಗದಲ್ಲಿ ಸೋಲುತ್ತಿದೆ ಎಂದು ಲೆಕ್ಕ ಹಾಕಬಹುದು. ಅದರಿಂದ, ಗೆರೆಯ ಎರಡೂ ಬದಿಗೆ ಎಷ್ಟು ಅಗಲದ ಪಟ್ಟಿಯನ್ನು ನಿಜವಾಗಿಯೂ ನೋಡಿದಂತಾಯಿತು ಎಂಬುದು ತಿಳಿಯುತ್ತದೆ. ಪಟ್ಟಿಯ ಉದ್ದ ಗೊತ್ತು, ಅಗಲ ಗೊತ್ತು, ಕಂಡ ಪ್ರಾಣಿಗಳ ಸಂಖ್ಯೆ ಗೊತ್ತು. ಚದರ ಕಿಲೋಮೀಟರಿಗೆ ಎಷ್ಟು ಎಂಬುದು ಭಾಗಾಕಾರದ ಮಾತು.

ಒಂದು ಕಲ್ಪಿತ ಲೆಕ್ಕ ನೋಡೋಣ. ಒಟ್ಟು 10 ಕಿಲೋಮೀಟರ್ ನಡೆದು, ಎರಡೂ ಬದಿಗೆ ತಲಾ 150 ಮೀಟರ್ ಅಗಲ ನೋಡಿದಂತಾಗಿ, 45 ಚಿಗರಿ ಕಂಡವು ಎನ್ನೋಣ. ನೋಡಿದ ಜಾಗ 10ನ್ನು 0.3ರಿಂದ ಗುಣಿಸಿದರೆ 3 ಚದರ ಕಿಲೋಮೀಟರ್. ಅಂದರೆ ಚದರ ಕಿಲೋಮೀಟರಿಗೆ 15.

ಆದರೆ ಇಷ್ಟಕ್ಕೇ ಹಿಗ್ಗುವಂತಿಲ್ಲ. ಗೆರೆಗಳನ್ನು ಎಲ್ಲಿ ಎಳೆದಿದ್ದೀರಿ ಎಂಬುದು ಮುಖ್ಯ. 119 ಚದರ ಕಿಲೋಮೀಟರಿನ ಒಂದು ಪ್ರದೇಶದಲ್ಲಿ 15 ಚದರ ಕಿಲೋಮೀಟರ್ ಒಳ್ಳೆಯ ಹುಲ್ಲುಗಾವಲಿದ್ದು ಅಲ್ಲಿ ಚದರ ಕಿಲೋಮೀಟರಿಗೆ 40 ಚಿಗರಿ ಇವೆ, ಉಳಿದ 104 ಚದರ ಕಿಲೋಮೀಟರ್ ತೋಪು-ಕಂಟಿಗಳಲ್ಲಿ ತಲಾ 5 ಮಾತ್ರ ಇವೆ ಎಂದು ಊಹಿಸಿಕೊಳ್ಳಿ. ಹುಲ್ಲಿನಲ್ಲಿ 600, ತೋಪಿನಲ್ಲಿ 520; ಒಟ್ಟು 1,120. ಗಣತಿಗೆ ಬಂದವರು ಬಿಸಿಲಿಗೆ ಬೇಸತ್ತು, ಚಿಗರಿ ಚೆನ್ನಾಗಿ ಕಾಣುವ ಹುಲ್ಲುಗಾವಲಿನಲ್ಲಷ್ಟೇ ನಡೆದು, 40ನ್ನು 119ರಿಂದ ಗುಣಿಸಿದರೆ ಬರುವ ಸಂಖ್ಯೆ 4,760. ನಿಜಕ್ಕಿಂತ ನಾಲ್ಕು ಪಟ್ಟಿಗೂ ಮಿಗಿಲು! ಯಾರೂ ಸುಳ್ಳು ಬರೆಯಲಿಲ್ಲ, ಗುಣಾಕಾರವೂ ತಪ್ಪಲಿಲ್ಲ. ನಡೆದ ದಾರಿ ಮಾತ್ರ ತಪ್ಪಾಗಿತ್ತು. ಅದಕ್ಕೇ ಹುಲ್ಲುಗಾವಲು, ತೋಪು, ಹೊಲ ಎಂದು ಬೇರೆ ಬೇರೆ ವಿಂಗಡಿಸಿ, ಪ್ರತಿಯೊಂದರಲ್ಲೂ ನಡೆದು, ಬಳಿಕ ಕೂಡಿಸಬೇಕು.

ಹುಲಿಗೆ ಪಟ್ಟೆಯೇ ವಿಳಾಸ

ಚಿಗರಿ ಹಗಲಿನಲ್ಲಿ ಬಯಲಿಗೆ ಬರುತ್ತದೆ, ಹೇಗೋ ಎಣಿಸಬಹುದು. ಕಣ್ಣಿಗೇ ಬೀಳದ ಹುಲಿಯನ್ನು ಎಣಿಸುವುದು ಹೇಗೆ?

ನಮ್ಮ ದೇಶದಲ್ಲಿ ಬಹುಕಾಲ ಹೆಜ್ಜೆ ಗುರುತನ್ನೇ ನಂಬಲಾಗಿತ್ತು. ಒಡಿಶಾದ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧುರಿ ಅವರು 1966ರಲ್ಲಿ ಈ ಪದ್ಧತಿಯನ್ನು ರೂಪಿಸಿದರು. ಮಣ್ಣಿನ ಮೇಲೆ ಮೂಡಿದ ಹೆಜ್ಜೆಯ ಮೇಲೆ ಗಾಜು ಇಟ್ಟು ಗೆರೆ ತೆಗೆದು, ಪ್ಲಾಸ್ಟರ್ ಅಚ್ಚು ಮಾಡಿ, ಇದು ಇಂಥ ಹುಲಿಯದೇ ಎಂದು ಗುರುತಿಸುವ ಕ್ರಮ ಅದು. 1972ರ ಮೊದಲ ರಾಷ್ಟ್ರೀಯ ಗಣತಿಯಲ್ಲಿ 1,827 ಹುಲಿಗಳಿವೆ ಎಂದು ಹೇಳಿದ್ದು ಹೀಗೆಯೇ. ಆದರೆ ಒಂದೇ ಹುಲಿಯ ಹೆಜ್ಜೆ ಕೆಸರಿನಲ್ಲಿ ಒಂದು ಬಗೆ, ಧೂಳಿನಲ್ಲಿ ಇನ್ನೊಂದು ಬಗೆ, ಓಡುವಾಗ ಮತ್ತೊಂದು ಬಗೆ. ಕಾಡಿನ ಪ್ರತಿ ಹುಲಿಯ ಹೆಜ್ಜೆಯೂ ಸಿಕ್ಕೇ ಸಿಗುತ್ತದೆಂಬ ಖಾತ್ರಿಯೂ ಇಲ್ಲ. ರಾಜಸ್ಥಾನದ ಸಾರಿಸ್ಕಾದಲ್ಲಿ ಕಾಗದದ ಮೇಲೆ ಹುಲಿಗಳಿದ್ದವು. 2005ರಲ್ಲಿ ಹುಡುಕಿದಾಗ ಕಾಡಿನಲ್ಲಿ ಒಂದೂ ಇರಲಿಲ್ಲ. ಲೆಕ್ಕದ ತಪ್ಪು ಎಷ್ಟು ದುಬಾರಿಯಾಗಬಹುದು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಈ ವೇಳೆಗಾಗಲೇ ನಾಗರಹೊಳೆಯಲ್ಲಿ ಬೇರೊಂದು ದಾರಿ ತೆರೆದಿತ್ತು. ನಮ್ಮ ಬೆರಳಚ್ಚಿನಂತೆ ಪ್ರತಿ ಹುಲಿಯ ಪಟ್ಟೆಯೂ ಬೇರೆ ಬೇರೆ. ಕಾಡುದಾರಿಯ ಎರಡು ಬದಿಗೂ ಎದುರುಬದುರಾಗಿ ಕ್ಯಾಮೆರಾ ಕಟ್ಟಿಟ್ಟರೆ, ಹುಲಿ ಹಾದುಹೋದಾಗ ಎರಡೂ ಮಗ್ಗುಲಿನ ಚಿತ್ರ ತಾನಾಗಿ ಸಿಗುತ್ತದೆ. ಎಡಮಗ್ಗುಲಿನ ಪಟ್ಟೆ ಬಲಮಗ್ಗುಲಿನಂತಿರುವುದಿಲ್ಲವಾದ್ದರಿಂದ ಎರಡೂ ಬೇಕು. ಒಮ್ಮೆ ಚಿತ್ರಕ್ಕೆ ಸಿಕ್ಕ ಹುಲಿಗಳಲ್ಲಿ ಎಷ್ಟು ಮತ್ತೆ ಮತ್ತೆ ಸಿಗುತ್ತವೆ ಎಂಬುದನ್ನು ನೋಡಿ, ಸಿಗದೆ ಉಳಿದವು ಎಷ್ಟಿರಬಹುದು ಎಂದು ಅಂದಾಜು ಮಾಡಬಹುದು. ನಾಗರಹೊಳೆಯ ಚಿತ್ರಗಳನ್ನು ಆಧರಿಸಿದ ಉಲ್ಲಾಸ ಕಾರಂತರ ಪ್ರಬಂಧ 1995ರಲ್ಲಿ ಪ್ರಕಟವಾಗಿ ಜಗತ್ತಿನ ಗಮನ ಸೆಳೆಯಿತು.

2006ರಿಂದ ರಾಷ್ಟ್ರೀಯ ಹುಲಿ ಗಣತಿ ಹೆಜ್ಜೆ ಗುರುತಿನ ಹಳೆಯ ಕ್ರಮವನ್ನು ಕೈಬಿಟ್ಟು, ಕ್ಯಾಮೆರಾ ಮತ್ತು ಸಂಖ್ಯಾಶಾಸ್ತ್ರವನ್ನು ಆಧರಿಸಿ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತ ಬಂದಿದೆ. ಆ ವರ್ಷದ ಗಣತಿಯಲ್ಲಿ ದೇಶದ ಹುಲಿಗಳು 1,411. 2022ರ ಗಣತಿಯಲ್ಲಿ 3,682. ಕರ್ನಾಟಕದಲ್ಲಿ 2014ರಲ್ಲಿ 406, 2018ರಲ್ಲಿ 524, 2022ರಲ್ಲಿ 563. 2022ರಲ್ಲಿ ಮಧ್ಯಪ್ರದೇಶದ ನಂತರದ ಎರಡನೇ ಸ್ಥಾನ ನಮ್ಮದಾಯಿತು.

ಲದ್ದಿ ಎಣಿಸಿ ಆನೆಯ ಲೆಕ್ಕ

ಆನೆ ದೊಡ್ಡ ಪ್ರಾಣಿ, ಎಣಿಸುವುದು ಸುಲಭವೆಂದು ಭಾವಿಸಿದರೆ ತಪ್ಪಾದೀತು. ದಟ್ಟ ಕಾಡಿನಲ್ಲಿ ಇಪ್ಪತ್ತು ಹೆಜ್ಜೆ ದೂರದ ಆನೆಯೂ ಕಾಣುವುದಿಲ್ಲ. ಆದರೆ ಆನೆ ತನ್ನ ಗುರುತನ್ನು ಬಿಟ್ಟೇ ಹೋಗುತ್ತದೆ. ಒಂದು ಆನೆ ದಿನಕ್ಕೆ ಸುಮಾರು 16 ಸಲ ಲದ್ದಿ ಹಾಕುತ್ತದೆ. ಒಂದು ಲದ್ದಿಗುಪ್ಪೆ ಕರಗಿ ಮಣ್ಣಾಗಲು ಎಷ್ಟು ದಿನ ಬೇಕು ಎಂಬುದನ್ನು ಅದೇ ಕಾಡಿನಲ್ಲಿ, ಅದೇ ಹಂಗಾಮಿನಲ್ಲಿ ನೋಡಿ ತಿಳಿದುಕೊಳ್ಳಬೇಕು. ಈಗ ನೆಲದ ಮೇಲಿರುವ ಗುಪ್ಪೆಗಳೆಷ್ಟು, ಒಂದು ಆನೆ ಹಾಕುವುದೆಷ್ಟು, ದಿನಕ್ಕೆ ಕರಗುವುದೆಷ್ಟು ಎಂಬ ಮೂರು ಸಂಖ್ಯೆಗಳಿಂದ ಆನೆಗಳ ಸಂಖ್ಯೆ ಹೊರಡುತ್ತದೆ.

ಕೆರೆಯ ನೀರಿನ ಲೆಕ್ಕದಂತೆಯೇ ಇದು. ಒಳಹರಿವು, ಹೊರಹರಿವು ಗೊತ್ತಿದ್ದರೆ ನಿಂತ ನೀರಿನ ಲೆಕ್ಕ ಹೇಳಬಹುದು. ನೇರ ಎಣಿಕೆ ಮತ್ತು ಲದ್ದಿಯ ಎಣಿಕೆ ಎರಡನ್ನೂ ಬಳಸಿ ನಡೆಸಿದ 2023ರ ಗಣತಿಯಲ್ಲಿ ಕರ್ನಾಟಕದ ಆನೆಗಳ ಅಂದಾಜು 6,395. 2017ರಲ್ಲಿ ಇದು 6,049 ಆಗಿತ್ತು.

ಕೈಬಿಟ್ಟು ಹೋದ ಎರೆಭೂತ

ರಾಣೆಬೆನ್ನೂರಿನ ಅಭಯಾರಣ್ಯದ ಕಥೆಯಲ್ಲಿ ಚಿಗರಿಯದು ಸಂತೋಷದ ಭಾಗ. ರಕ್ಷಣೆ ಸಿಕ್ಕಿತು, ಸಂತತಿ ಸಾವಿರಗಳ ಲೆಕ್ಕಕ್ಕೆ ಏರಿತು. ಆದರೆ ಈ ಬಯಲು ಇನ್ನೊಂದು ಜೀವಿಯ ಮನೆಯೂ ಆಗಿತ್ತು. ಅದೇ ಎರೆಭೂತ. ಒಂದು ಮೀಟರ್ ಎತ್ತರದ, ಭಾರವಾದ, ಉದ್ದ ಕತ್ತಿನ, ನೆಟ್ಟಗೆ ನಡೆಯುವ ಹಕ್ಕಿ. ಎರೆಹೊಲದಲ್ಲಿ ಮಬ್ಬುಬೆಳಕಿನಲ್ಲಿ ನಿಂತಾಗ ಭೂತದಂತೆ ಕಂಡದ್ದಕ್ಕೋ ಏನೋ ಈ ಹೆಸರು ಬಿದ್ದಿತು. ಹಾರಬಲ್ಲ ಹಕ್ಕಿಗಳಲ್ಲಿ ಅತ್ಯಂತ ಭಾರವಾದವುಗಳಲ್ಲಿ ಇದೂ ಒಂದು. ರಾಷ್ಟ್ರಪಕ್ಷಿಯ ಆಯ್ಕೆಯ ಸಮಯದಲ್ಲಿ ನವಿಲಿನ ಎದುರು ಇದರ ಹೆಸರೂ ಕೇಳಿಬಂದಿತ್ತು.

ಎರೆಭೂತ ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ, ಅದೂ ಬರಿಯ ನೆಲದ ಮೇಲೆ. ಅದಕ್ಕೆ ಬೇಕಾದದ್ದು ಮರವಿಲ್ಲದ ಹುಲ್ಲುಗಾವಲು. ಹುಲ್ಲುಗಾವಲನ್ನು ‘ಪಾಳುಭೂಮಿ’ ಎಂದು ಕರೆದ ಕಾಲದಲ್ಲಿ ಅಲ್ಲಿ ನೀಲಗಿರಿ ಬೆಳೆಯಿತು, ಉಳಿದದ್ದು ಹೊಲವಾಯಿತು. ಮರ ನೆಟ್ಟರೆ ಕಾಡು ಬೆಳೆಯಿತು ಎಂದು ನಂಬಿದ ಕಾಲವದು. ಚಿಗರಿ ಹೇಗೋ ಹೊಂದಿಕೊಂಡಿತು. ಎರೆಭೂತಕ್ಕೆ ಆಗಲಿಲ್ಲ.

1969ರಲ್ಲಿ ದೇಶದಲ್ಲಿ ಇಂತಹ ಸುಮಾರು 1,260 ಹಕ್ಕಿಗಳಿವೆ ಎಂದು ಅಂದಾಜು ಮಾಡಲಾಗಿತ್ತು. ಈಗ ಉಳಿದಿರುವುದು 150ಕ್ಕಿಂತ ಕಡಿಮೆ. ಅವುಗಳಲ್ಲಿ ಬಹುಪಾಲು ರಾಜಸ್ಥಾನದ ಮರುಭೂಮಿಯಲ್ಲಿವೆ. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಹೊಲಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ. ರಾಣೆಬೆನ್ನೂರಿನಲ್ಲಿ ಅದರ ಹೆಸರು ಉಳಿದಿದೆ, ಹಕ್ಕಿ ಉಳಿದಿಲ್ಲ.

ಇಂತಹ ಹಕ್ಕಿ ಒಂದೇ ದಿನ ಮಾಯವಾಗುವುದಿಲ್ಲ. ಮೊದಲ ವರ್ಷ ಹತ್ತು ಕಂಡಿದ್ದು ಮರುವರ್ಷ ಎಂಟು ಕಾಣುತ್ತದೆ. ‘ಎಲ್ಲೋ ಹೋಗಿರಬೇಕು’ ಎನ್ನುತ್ತಾರೆ. ಬಳಿಕ ನಾಲ್ಕು ಕಾಣುತ್ತದೆ. ‘ಈ ವರ್ಷ ಮಳೆ ಸರಿಯಿಲ್ಲ’ ಎನ್ನುತ್ತಾರೆ. ಪ್ರತಿ ವರ್ಷ ಒಂದೇ ಹೊತ್ತಿಗೆ, ಒಂದೇ ದಾರಿಯಲ್ಲಿ, ಒಂದೇ ಕ್ರಮದಲ್ಲಿ ಎಣಿಸಿದ ಪುಸ್ತಕವಿದ್ದರೆ ಮಾತ್ರ ಇಳಿಜಾರು ಕಣ್ಣಿಗೆ ಬೀಳುತ್ತದೆ. ಗಣತಿಯ ನಿಜವಾದ ಬೆಲೆ ಒಂದು ವರ್ಷದ ಸಂಖ್ಯೆಯಲ್ಲಿಲ್ಲ. ವರ್ಷದಿಂದ ವರ್ಷಕ್ಕೆ ಹೋಲಿಸಿ ನೋಡುವುದರಲ್ಲಿದೆ. ಪದ್ಧತಿ ಬದಲಾದರೆ ಹೋಲಿಕೆಯೂ ಮುರಿದುಬೀಳುತ್ತದೆ. ಹೆಜ್ಜೆ ಗುರುತಿನ ಕಾಲದ ಹುಲಿ ಸಂಖ್ಯೆಯನ್ನು ಕ್ಯಾಮೆರಾ ಕಾಲದ ಸಂಖ್ಯೆಯ ಪಕ್ಕದಲ್ಲಿಟ್ಟು ‘ಇಷ್ಟು ಕಡಿಮೆಯಾಯಿತು’ ಎಂದು ಹೇಳಲಾಗದ್ದು ಇದೇ ಕಾರಣಕ್ಕೆ.

ಹೊಲದ ಅಂಚಿನ ಲೆಕ್ಕ

ಅಭಯಾರಣ್ಯದ ಸುತ್ತಲಿನ ರೈತನ ಮಾತನ್ನೂ ಕೇಳದೆ ಈ ಪ್ರವಾಸ ಮುಗಿಯುವುದಿಲ್ಲ. ಮುಂಗಾರಿನಲ್ಲಿ ಕೂರಿಗೆ ಹೊಡೆದು, ಸಾಲು ಸಾಲಾಗಿ ಮೊಳಕೆ ಎದ್ದಾಗ ಚಿಗರಿಯ ಹಿಂಡು ಹೊಲಕ್ಕಿಳಿಯುತ್ತದೆ. ಎಳೆಯ ಸಸಿಯ ಕುಡಿ ಚಿಗರಿಗೆ ಪ್ರೀತಿ. ಒಂದು ರಾತ್ರಿಯಲ್ಲಿ ಬಿತ್ತನೆಯ ಖರ್ಚೆಲ್ಲ ನೀರಿಗೆ ಹೋಮವಾಗುತ್ತದೆ. ಮತ್ತೆ ಬಿತ್ತೋಣವೆಂದರೆ ಹದ ಕಾಯುವುದಿಲ್ಲ. ಹಾವೇರಿಯಷ್ಟೇ ಅಲ್ಲ, ಗದಗ, ಕೊಪ್ಪಳದ ಕಡೆಯ ರೈತರದೂ ಇದೇ ಗೋಳು.

1972ರ ವನ್ಯಜೀವಿ ಕಾಯಿದೆಯಲ್ಲಿ ಕೃಷ್ಣಮೃಗ ಮೊದಲ ಪರಿಚ್ಛೇದದ ಪ್ರಾಣಿ. ಅದನ್ನು ಕೊಂದರೆ ಜೈಲು. ಕೊಲ್ಲುವಂತಿಲ್ಲ, ಬೆಳೆ ಬಿಟ್ಟುಕೊಡುವಂತಿಲ್ಲ. ನಡುವೆ ಸಿಕ್ಕಿದ ರೈತ ರಾತ್ರಿಯಿಡೀ ಹೊಲದಲ್ಲಿ ಡಬ್ಬಿ ಬಡಿಯುತ್ತಾನೆ. ಇಲ್ಲಿಯೂ ಸಂಖ್ಯೆಯ ಪ್ರಶ್ನೆಯೇ ಎದುರಾಗುತ್ತದೆ. ಚಿಗರಿಗಳು ಎಷ್ಟು, ಯಾವ ತಿಂಗಳಲ್ಲಿ ಎಷ್ಟು ದೂರ ಹೊರಬರುತ್ತವೆ, ಒಳಗೆ ಹುಲ್ಲು ಸಾಕಷ್ಟಿದೆಯೇ ಎಂಬುದು ಗೊತ್ತಿಲ್ಲದೆ ಪರಿಹಾರದ ಹಣವನ್ನು ನಿಗದಿ ಮಾಡುವುದೂ ಕಷ್ಟ, ಬೇಲಿ ಎಲ್ಲಿ ಹಾಕಬೇಕೆಂದು ಹೇಳುವುದೂ ಕಷ್ಟ. ಸಂಖ್ಯೆಯನ್ನು ಕಡಿಮೆ ತೋರಿಸಿದರೆ ರೈತನಿಗೆ ಅನ್ಯಾಯ. ಹೆಚ್ಚು ತೋರಿಸಿದರೆ ಪ್ರಾಣಿಗೆ ಅನ್ಯಾಯ. ನಂಬಬಹುದಾದ ಲೆಕ್ಕ ಇಬ್ಬರ ಪರವಾಗಿಯೂ ಸಾಕ್ಷಿ ಹೇಳುತ್ತದೆ.

ಮನೆಯ ಪಡಸಾಲೆಯಲ್ಲಿ ಒಂದು ಗಣತಿ

ಊರಿಗೆ ಮರಳಿದ ಮೇಲೆ ಮಕ್ಕಳು ಮಾಡಿ ನೋಡಬಹುದಾದ ಪ್ರಯೋಗವೊಂದಿದೆ. ಚಿಕ್ಕೇರೂರಿನ ಯಾವ ಮನೆಯಲ್ಲೂ ಗೋವಿನಜೋಳದ ಕಾಳಿಗೆ ಬರವಿಲ್ಲ. ಒಂದು ಪಾತ್ರೆಯಲ್ಲಿ ಎರಡು-ಮೂರು ಹಿಡಿ ಕಾಳು ಹಾಕಿ, ಎಣಿಸಬೇಡಿ. ಅದರಿಂದ 50 ಕಾಳು ತೆಗೆದು ಮಸಿಯಿಂದ ಚುಕ್ಕೆ ಇಟ್ಟು, ಒಣಗಿಸಿ, ಮತ್ತೆ ಪಾತ್ರೆಗೆ ಹಾಕಿ ಚೆನ್ನಾಗಿ ಕಲೆಸಿ. ಈಗ ಕಣ್ಣು ಮುಚ್ಚಿ 60 ಕಾಳು ತೆಗೆಯಿರಿ. ಅದರಲ್ಲಿ 12ಕ್ಕೆ ಚುಕ್ಕೆ ಇದೆ ಎನ್ನೋಣ. ಅಂದರೆ ಐದರಲ್ಲಿ ಒಂದು ಪಾಲಿಗೆ ಚುಕ್ಕೆ ಇದೆ. ಚುಕ್ಕೆ ಇಟ್ಟ 50 ಕಾಳು ಒಟ್ಟಿನ ಐದನೇ ಒಂದು ಪಾಲಾದರೆ, ಪಾತ್ರೆಯಲ್ಲಿರುವ ಒಟ್ಟು ಕಾಳು ಸುಮಾರು 250!

ಈಗ ಪಾತ್ರೆಯನ್ನು ಸುರಿದು ಎಣಿಸಿ ನೋಡಿ. ಉತ್ತರ ಸರಿಯಾಗಿ 250 ಇರಲಿಕ್ಕಿಲ್ಲ, ಆದರೆ ಅದರ ಆಸುಪಾಸಿನಲ್ಲಿರುತ್ತದೆ. ಇದನ್ನೇ ಐದಾರು ಸಲ ಮಾಡಿದರೆ ಪ್ರತಿ ಸಲವೂ ಸ್ವಲ್ಪ ಬೇರೆ ಸಂಖ್ಯೆ ಬರುತ್ತದೆ. ಪ್ರಾಮಾಣಿಕ ಗಣತಿಯ ವರದಿ ‘ಇಷ್ಟೇ’ ಎನ್ನದೆ ‘ಇಷ್ಟರಿಂದ ಇಷ್ಟರೊಳಗೆ’ ಎನ್ನುವುದು ಏಕೆ ಎಂಬುದು ಮಕ್ಕಳಿಗೆ ಆಗ ತಾನಾಗಿ ಹೊಳೆಯುತ್ತದೆ.

ಡೆನ್ಮಾರ್ಕಿನ ಪೀಟರ್ಸನ್ 1896ರಲ್ಲಿ ಮೀನುಗಳಿಗೆ ಗುರುತು ಹಚ್ಚಿ ಈ ದಾರಿಗೆ ನಾಂದಿ ಹಾಡಿದ. ಅಮೆರಿಕದ ಲಿಂಕನ್ 1930ರಲ್ಲಿ ಕಾಡುಬಾತುಗಳ ಕಾಲಿಗೆ ಉಂಗುರ ತೊಡಿಸಿ ಅವುಗಳ ಸಂಖ್ಯೆ ಅಂದಾಜು ಮಾಡಿದ. ನಾಗರಹೊಳೆಯ ಕ್ಯಾಮೆರಾ ಲೆಕ್ಕದ ಬೇರು ಇರುವುದೂ ಇಲ್ಲೇ. ಮಸಿಯ ಚುಕ್ಕೆಯ ಬದಲು ಹುಲಿಯ ಮೈಮೇಲೆ ಹುಟ್ಟಿನಿಂದಲೇ ಬಂದ ಪಟ್ಟೆ ಇದೆ, ಅಷ್ಟೇ ವ್ಯತ್ಯಾಸ.

ಕಾಳನ್ನು ಸರಿಯಾಗಿ ಕಲೆಸದಿದ್ದರೆ, ಚುಕ್ಕೆ ಅಳಿಸಿದರೆ, ನಡುವೆ ಕೋಳಿ ಬಂದು ನಾಲ್ಕು ಕಾಳು ಹೆಕ್ಕಿದರೆ ಲೆಕ್ಕ ಕೆಡುತ್ತದೆ. ಕಾಡಿನಲ್ಲೂ ಹೀಗೆಯೇ. ಗಣತಿಯ ನಡುವೆ ಪ್ರಾಣಿಗಳು ಸಾಯಬಾರದು, ಹುಟ್ಟಬಾರದು, ಹೊರಗಿನಿಂದ ಬರಬಾರದು. ಅದಕ್ಕೇ ಕ್ಯಾಮೆರಾ ಗಣತಿಯನ್ನು ವರ್ಷವಿಡೀ ಎಳೆಯದೆ ಕೆಲವೇ ವಾರಗಳಲ್ಲಿ ಮುಗಿಸುತ್ತಾರೆ. ಚಿಗರಿಯ ಮೈಮೇಲೆ ಹುಲಿಯಂತೆ ಓದಬಲ್ಲ ಗುರುತಿಲ್ಲವಾದ್ದರಿಂದ ಅದಕ್ಕೆ ನಡಿಗೆಯ ಲೆಕ್ಕವೇ ಗತಿ.

ಮುಂದಿನ ರಜೆಯಲ್ಲಿ ಬಸ್ಸಿನ ಕಿಟಕಿಯಿಂದ ಹಿಂಡು ಕಂಡಾಗ ಮಗಳು “ಎಷ್ಟ ಅದಾವಪ್ಪಾ?” ಎಂದು ಕೇಳಿದರೆ, “ಯಾರ ಎಣಿಸ್ಯಾರ?” ಎನ್ನುವ ಬದಲು “ಬಾರವ್ವಾ, ಎಣಿಸೂಣು” ಎಂದು ಅಪ್ಪ ಹೇಳಬಹುದು. ಗಂಡೆಷ್ಟು, ಹೆಣ್ಣೆಷ್ಟು, ಮರಿ ಎಷ್ಟು, ದಿನ ಯಾವುದು, ಹೊತ್ತು ಎಷ್ಟು, ಜಾಗ ಯಾವುದು: ಇಷ್ಟನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಸಾಕು. ಮರುವರ್ಷ ಅದೇ ಹೊತ್ತಿಗೆ ಮತ್ತೆ ಬರೆದಾಗ ಆ ಪುಟಕ್ಕೆ ಜೀವ ಬರುತ್ತದೆ.

ಹೋಗುವವರಿಗೆ

ರಾಣೆಬೆನ್ನೂರು ಬೆಂಗಳೂರು-ಹುಬ್ಬಳ್ಳಿ ಹೆದ್ದಾರಿಯ ಮೇಲಿದೆ. ಬೆಂಗಳೂರಿನಿಂದ ಸುಮಾರು 300 ಕಿಲೋಮೀಟರ್. ರೈಲು ನಿಲ್ದಾಣವೂ ಇದೆ. ಚಿಕ್ಕೇರೂರು ಕಡೆಯಿಂದ ಬರುವವರು ಹಿರೇಕೆರೂರಿಗೆ ಬಂದು ಅಲ್ಲಿಂದ ರಾಣೆಬೆನ್ನೂರಿನ ಬಸ್ಸು ಹಿಡಿಯಬಹುದು. ಅಭಯಾರಣ್ಯ ಪಟ್ಟಣದಿಂದ ಕೆಲವೇ ಕಿಲೋಮೀಟರ್ ದೂರ. ಒಳಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ರಾಣೆಬೆನ್ನೂರಿನ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು. ಮಳೆಗಾಲ ಮುಗಿದು ಚಳಿ ಬೀಳುವ ನವೆಂಬರಿನಿಂದ ಫೆಬ್ರುವರಿಯವರೆಗೆ ಹಿತವಾದ ಸಮಯ. ಬೆಳಿಗ್ಗೆ ಬೇಗ ಅಥವಾ ಸಂಜೆ ಹೋಗಬೇಕು. ನಡುಹಗಲಿನಲ್ಲಿ ಚಿಗರಿಗಳು ನೆರಳು ಹುಡುಕಿ ಮಲಗುತ್ತವೆ. ಗಾಢ ಬಣ್ಣದ ಉಡುಪು ಬೇಡ. ದುರ್ಬೀನು, ಕುಡಿಯುವ ನೀರು, ಒಂದು ನೋಟ್‌ಬುಕ್, ಒಂದು ಪೆನ್ಸಿಲ್ ಇರಲಿ. ಹಿಂಡಿನ ಹಿಂದೆ ಓಡಬೇಡಿ. ಓಡಿದ ಹಿಂಡನ್ನು ಯಾರೂ ಎಣಿಸಲಾರರು.